ಇಷ್ಟು ಬಿಸಿಲಿದೆಯಲ್ಲ, ಮತ್ತೆ ಲೈಟ್ ಯಾಕೆ?

ಶೂಟಿಂಗ್ ನೋಡಲು ಬಂದವರು ಕೇಳುತ್ತಾರೆ, ನೆಂಟರು ಕೇಳುತ್ತಾರೆ, ನಾನು ಲೈಟಿಂಗ್ ಕೆಲಸದವನು ಅಂತ ಗೊತ್ತಾದ ಕೂಡಲೇ ಪಕ್ಕದ ಸೀಟಿನಲ್ಲಿ ಕೂತವರೂ ಕೇಳುತ್ತಾರೆ: "ಮಟಮಟ ಮಧ್ಯಾಹ್ನ ಅಷ್ಟು ದೊಡ್ಡ ಲೈಟ್ ಯಾಕೆ ಉರಿಸುತ್ತೀರಿ? ಬಿಸಿಲು ಸಾಲದಾ?" ಒಳ್ಳೆ ಪ್ರಶ್ನೆ. ಸೆಟ್‌ನಲ್ಲಿ ನಿಂತು ಉತ್ತರ ಹೇಳುವಷ್ಟು ಪುರುಸೊತ್ತು ಸಿಗುವುದಿಲ್ಲ, ಬಾಯಿ ತೆರೆಯುವಷ್ಟರಲ್ಲಿ ಯಾರಾದರೂ ಕರೆಯುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಿಸಿಲು ಸಾಲುತ್ತದೆ. ಸಾಲುವುದಕ್ಕಿಂತ ಜಾಸ್ತಿಯೇ ಇದೆ. ತೊಂದರೆ ಇರುವುದು ಅಲ್ಲಲ್ಲ.

ಒಂದು ಸಲ ಯಾರನ್ನಾದರೂ ನಡು ಮಧ್ಯಾಹ್ನ ಬಯಲಲ್ಲಿ ನಿಲ್ಲಿಸಿ ಮುಖ ನೋಡಿ. ಹಣೆ, ಮೂಗಿನ ತುದಿ, ಕೆನ್ನೆಯ ಮೇಲ್ಭಾಗ ಹೊಳೆಯುತ್ತವೆ. ಕಣ್ಣಿರುವ ಜಾಗದಲ್ಲಿ ಎರಡು ಕಪ್ಪು ಗುಳಿ. ಮೂಗಿನ ನೆರಳು ತುಟಿಯ ಮೇಲೆ ಬಿದ್ದಿರುತ್ತದೆ. ಎದುರಿಗೆ ನಿಂತ ನಮ್ಮ ಕಣ್ಣು ಇದನ್ನೆಲ್ಲ ತಾನೇ ಸರಿಮಾಡಿಕೊಂಡುಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಕ್ಯಾಮೆರಾಗೆ ಅಷ್ಟು ಶಕ್ತಿ ಇಲ್ಲ. ಹಣೆಗೆ ಸರಿಯಾಗಿ ಸೆಟ್ ಮಾಡಿದರೆ ಕಣ್ಣು ಕಪ್ಪಾಗುತ್ತದೆ, ಕಣ್ಣಿಗೆ ಸರಿಮಾಡಿದರೆ ಹಣೆ ಬೆಳ್ಳಗೆ ಬರ್ನ್ ಆಗುತ್ತದೆ. ನಟರು ಮುಕ್ಕಾಲು ಪಾಲು ಅಭಿನಯಿಸುವುದು ಕಣ್ಣಲ್ಲೇ ಅಲ್ವಾ? ಆ ಕಣ್ಣನ್ನು ಕಾಣಿಸುವುದು ನಮ್ಮ ಕೆಲಸ.

ಹಾಗಾಗಿ ಬಿಸಿಲಲ್ಲಿ ನಾವು ಮೊದಲು ಮಾಡುವುದು ಬೆಳಕನ್ನು ತಡೆಯುವ ಕೆಲಸ. ದೊಡ್ಡ ಫ್ರೇಮಿಗೆ ಬಿಳಿ ಬಟ್ಟೆ ಕಟ್ಟಿ ನಟರ ತಲೆಯ ಮೇಲೆ ಹಿಡಿಯುತ್ತೇವೆ, ಆಗ ಗಟ್ಟಿ ನೆರಳು ಮೆತ್ತಗಾಗುತ್ತದೆ. ಕೆಳಗಿನಿಂದ ಒಂದು ಬಿಳಿ ಥರ್ಮಾಕೋಲ್ ಹಾಳೆ ಹಿಡಿದರೆ ಬೆಳಕು ಅದಕ್ಕೆ ಬಡಿದು ಕಣ್ಣಿನೊಳಗೆ ಒಂದು ಚುಕ್ಕಿ ಬೆಳಕು ಬರುತ್ತದೆ, ಅದು ಬಂತು ಅಂದರೆ ಮುಖಕ್ಕೆ ಜೀವ ಬಂತು. ಆದರೆ ಹಿಂದೆ ಮರ, ರಸ್ತೆ, ಗೋಡೆ ಎಲ್ಲ ಇನ್ನೂ ಪೂರ್ತಿ ಬಿಸಿಲಲ್ಲೇ ಇವೆ, ನಟರು ಮಾತ್ರ ನೆರಳಿಗೆ ಬಂದಿದ್ದಾರೆ. ಆ ಹಿನ್ನೆಲೆಗೆ ಸಮ ಬರುವಷ್ಟು ಬೆಳಕನ್ನು ಮುಖಕ್ಕೆ ವಾಪಸ್ ಕೊಡಬೇಕು. ನೀವು ನೋಡಿದ ಆ ದೊಡ್ಡ ಲೈಟು, ಕೆಲವೊಮ್ಮೆ 18,000 ವಾಟ್‌ನದ್ದು, ಸೂರ್ಯನ ಜೊತೆ ಪೈಪೋಟಿಗೆ ನಿಂತಿರುವುದು ಇದಕ್ಕೇ.

ಇನ್ನೊಂದು ಕಾರಣ ಗಡಿಯಾರ. ತೆರೆಯ ಮೇಲೆ ಎರಡು ನಿಮಿಷದ ಮಾತುಕತೆಯನ್ನು ತೆಗೆಯಲು ಐದು ಗಂಟೆ ಹಿಡಿಯಬಹುದು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಐದು ಗಂಟೆಗೆ 75. ಬೆಳಿಗ್ಗೆ ಎಡಗಡೆ ಇದ್ದ ನೆರಳು ಮಧ್ಯಾಹ್ನದ ಮೇಲೆ ಬಲಗಡೆ ಬಂದಿರುತ್ತದೆ, ನಡುವೆ ಎರಡು ಸಲ ಮೋಡ ಬಂದು ಹೋಗಿರುತ್ತದೆ, ಹಗಲಿಗೆ ಸುಮಾರು 5600 ಕೆಲ್ವಿನ್ (ಬೆಳಕಿನ ಬಣ್ಣ ಅಳೆಯುವ ಮಾನ) ಅಂತ ನಾವು ಲೆಕ್ಕ ಹಿಡಿಯುವ ಬಣ್ಣ ಸಂಜೆಯಾಗುತ್ತ ಹಳದಿಗೆ ಇಳಿಯುತ್ತದೆ. ಆದರೆ ಕತೆಯಲ್ಲಿ ಅಮ್ಮ, ಮಗ ಇಬ್ಬರೂ ಮಾತಾಡಿದ್ದು ಎರಡೇ ನಿಮಿಷ. ಮಗ ಕೇಳಿದ ಪ್ರಶ್ನೆ ಬೆಳಿಗ್ಗೆ ಹತ್ತಕ್ಕೆ ತೆಗೆದದ್ದು, ಅಮ್ಮನ ಉತ್ತರ ಮಧ್ಯಾಹ್ನ ಮೂರಕ್ಕೆ. ಎರಡನ್ನೂ ಅಂಟಿಸಿದಾಗ ನೋಡುವವರಿಗೆ ಸಂಶಯ ಬರಬಾರದು. ಸೂರ್ಯನನ್ನು ನಿಲ್ಲಿಸಲು ಆಗದು, ಅದಕ್ಕೆ ನಮ್ಮ ಲೈಟನ್ನು ನಿಲ್ಲಿಸಿಕೊಳ್ಳುತ್ತೇವೆ.

"ಅದಾದರೂ ಹತ್ತಿರ ಇಡಬಾರದಾ, ರಸ್ತೆಯ ಆಚೆ ಯಾಕೆ?" ಅಂತಲೂ ಕೇಳುತ್ತಾರೆ. ನನಗೆ ತುಂಬ ಇಷ್ಟವಾದ ಲೆಕ್ಕ ಇದು. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಲೈಟು ಹತ್ತು ಅಡಿಯಲ್ಲಿದ್ದು, ನಟರು ಐದು ಅಡಿ ಹಿಂದೆ ನಡೆದರೆ ಮುಖದ ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅದೇ ಲೈಟು 50 ಅಡಿಯಲ್ಲಿದ್ದರೆ? ಅದೇ ಐದು ಅಡಿಗೆ ಸುಮಾರು ಆರನೇ ಒಂದು ಭಾಗವಷ್ಟೇ ಕಡಿಮೆ. ನಿಜವಾದ ಬಿಸಿಲಲ್ಲಿ ನಾವು ಎಷ್ಟು ನಡೆದರೂ ಬೆಳಕು ಕಮ್ಮಿಯಾಗುವುದಿಲ್ಲ, ಸೂರ್ಯ ಅಷ್ಟು ದೂರ ಇದ್ದಾನೆ. ಬಿಸಿಲಿನ ಹಾಗೆ ಕಾಣಬೇಕಾದರೆ ಲೈಟು ದೊಡ್ಡದಿರಬೇಕು, ದೂರವೂ ಇರಬೇಕು.

ಟಿವಿ ಸ್ಟುಡಿಯೋದಲ್ಲಿ ಕಷ್ಟ ಬೇರೆ. ಮೂರು ನಾಲ್ಕು ಕ್ಯಾಮೆರಾ ಒಟ್ಟಿಗೆ ಓಡುತ್ತವೆ, ಒಂದಕ್ಕೆ ಚೆಂದ ಕಂಡದ್ದು ಇನ್ನೊಂದರ ಲೆನ್ಸಿಗೆ ನೇರ ಹೊಡೆಯುತ್ತದೆ. ರಂಗಭೂಮಿಯಲ್ಲಂತೂ ರೀಟೇಕೇ ಇಲ್ಲ. ಕ್ಯೂ, ಅಂದರೆ ಲೈಟ್ ಬದಲಿಸಬೇಕಾದ ಆ ಕ್ಷಣ, ತಪ್ಪಿದರೆ ತಪ್ಪಿದ್ದೇ, ನಟಿ ಕತ್ತಲಲ್ಲಿ ಮಾತು ಮುಗಿಸಬೇಕಾಗುತ್ತದೆ. ಅದರ ಭಯ ಎಷ್ಟು ವರ್ಷವಾದರೂ ಹೋಗುವುದಿಲ್ಲ.

ಯಾರೂ ಕೇಳದ ಆದರೆ ನಾನು ಹೇಳಲೇಬೇಕಾದ ಮಾತೊಂದಿದೆ. ನಮ್ಮ ದಿನದ ಹೆಚ್ಚಿನ ಹೊತ್ತು ಹೋಗುವುದು ಯಾರಿಗೂ ಏಟಾಗದ ಹಾಗೆ ನೋಡಿಕೊಳ್ಳುವುದರಲ್ಲಿ. 230 ವೋಲ್ಟ್ ಲೈನಿನಲ್ಲಿ 10,000 ವಾಟ್ ಉರಿಸಿದರೆ ಸುಮಾರು 43 ಆಂಪ್ ಎಳೆಯುತ್ತದೆ. ಉಳಿದ ಕೇಬಲನ್ನು ಸುರುಳಿ ಸುತ್ತಿಟ್ಟು ಹಾಗೇ ಕರೆಂಟ್ ಕೊಟ್ಟರೆ ಶಾಖ ಹೊರಗೆ ಹೋಗಲು ದಾರಿಯಿಲ್ಲದೆ ಒಳಗಿನ ಸುತ್ತು ಕರಗಲು ಶುರುವಾಗುತ್ತದೆ. ಅದಕ್ಕೆ ಬಿಚ್ಚಿ ಹಾಸಬೇಕು. ಮೇಲೆ ತೂಗುವ ಪ್ರತಿಯೊಂದು ಲೈಟಿಗೂ ಕ್ಲ್ಯಾಂಪ್ ಅಲ್ಲದೆ ಬೇರೆಯಾಗಿ ಒಂದು ಸೇಫ್ಟಿ ಚೈನ್. ಸ್ಟ್ಯಾಂಡಿನ ಭಾರ ಯಾವ ಕಡೆ ಬಾಗಿದೆಯೋ ಆ ಕಡೆಗೆ ಒಂದು ಕಾಲು, ಆ ಕಾಲಿನ ಮೇಲೆ ಮರಳಿನ ಚೀಲ.

ಒಮ್ಮೆ 20 ಅಡಿ ಚೌಕದ ಬಟ್ಟೆ ಕಟ್ಟಿದ್ದೆವು. ಲೆಕ್ಕ ಹಾಕಿ, 400 ಚದರಡಿ, ಹಡಗಿನ ಹಾಯಿಯ ಹಾಗೆ. ಗಾಳಿಯೇ ಇರಲಿಲ್ಲ, ಒಂದು ಮೂಲೆಯ ಹಗ್ಗವನ್ನು ಗೂಟಕ್ಕೆ ಕಟ್ಟದೆ ನಾನು ಕೈಯಲ್ಲೇ ಹಿಡಿದಿದ್ದೆ. ಎಲ್ಲಿಂದಲೋ ಒಂದು ಗಾಳಿ ಬಂತು. ಫ್ರೇಮ್ ಎದ್ದಿತು, ಹಗ್ಗ ಗ್ಲೌಸಿನೊಳಗೆ ಸರ್ರನೆ ಜಾರಿತು, ಅಂಗೈ ಸುಟ್ಟಿತು. ಪಕ್ಕದಲ್ಲಿದ್ದ ಹಿರಿಯರು ಹಾರಿ ಹಗ್ಗ ಹಿಡಿದರು. ಕೆಳಗೆ ಒಂದು ಮಗು ನಿಂತಿತ್ತು, ಆ ಸೀನಿನ ಮಗು. ಅವರು ನನ್ನನ್ನು ಬೈಯಲಿಲ್ಲ. ಸುಮ್ನೆ ಗೂಟ ಹೊಡೆದು, ಹಗ್ಗ ಕಟ್ಟಿ, ಎರಡು ಸಲ ಎಳೆದು ನೋಡಿ ಹೋದರು. ಈಗ ಗಾಳಿ ಇರಲಿ ಬಿಡಲಿ, ನಾಲ್ಕು ಮೂಲೆಯನ್ನೂ ನಾನೇ ಎಳೆದು ನೋಡುತ್ತೇನೆ.

ಮೊನ್ನೆ ಮನೆಯೊಳಗಿನ ಹಗಲಿನ ದೃಶ್ಯ ಒಂದಿತ್ತು. ಕಿಟಕಿಯ ಆಚೆ ದೊಡ್ಡ ಲೈಟು, ನೆಲದ ಮೇಲೆ ಕಿಟಕಿ ಸರಳಿನ ನೆರಳು, ಚಾಪೆಯ ಅಂಚಿಗೆ ಸರಿಯಾಗಿ. ನೋಡಲು ಬಂದಿದ್ದ ಒಬ್ಬರು ಮೂಲೆಯಲ್ಲಿ ಕೂತು ಕೊನೆಯ ಶಾಟ್ ತನಕ ನೋಡಿದರು. ಪ್ಯಾಕಪ್ ಅಂದರು, ಲೈಟ್ ಆಫ್ ಮಾಡಿದೆ. ಕಿಟಕಿ ಕಪ್ಪಾಯಿತು. "ಅಯ್ಯೋ, ಯಾವಾಗ ಕತ್ತಲಾಯಿತು?" ಅಂದರು ಅವರು. ಏಳೂವರೆ ದಾಟಿತ್ತು. ಬಲ್ಬ್ ತಣ್ಣಗಾಗುವ ತನಕ ಲೈಟನ್ನು ಎತ್ತುವ ಹಾಗಿಲ್ಲ, ಅಷ್ಟರಲ್ಲಿ ಕೇಬಲ್ ಸುತ್ತೋಣ ಅಂತ ನಾವು ಹೊರಗೆ ಹೋದೆವು.