ಐ-94 ಸಿಗುತ್ತಿಲ್ಲ ಅಂದಾಗ ಎಲ್ಲೆಲ್ಲಿ ಹುಡುಕಬೇಕು

ಅಮೆರಿಕದ ಪ್ರಜೆಯನ್ನು ಮದುವೆಯಾಗಿ, ಆ ದೇಶದೊಳಗೇ ಇದ್ದು ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವವರು ಮದುವೆಯ ಪುರಾವೆಯನ್ನು ಚೀಲಗಟ್ಟಲೆ ತರುತ್ತಾರೆ. ಫೋಟೊ, ಜಂಟಿ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಎಲ್ಲವೂ ಎರಡೆರಡು ಪ್ರತಿ. ಆದರೆ ಎಷ್ಟೋ ಫೈಲುಗಳು ಸಿಕ್ಕಿಹಾಕಿಕೊಳ್ಳುವುದು ಅದಕ್ಕಿಂತ ಹಿಂದಿನ ಪ್ರಶ್ನೆಯಲ್ಲಿ: ಈ ವ್ಯಕ್ತಿ ದೇಶದೊಳಗೆ ಬಂದದ್ದು ಹೇಗೆ, ಅದಕ್ಕೆ ಕಾಗದ, ಅಂದರೆ ಐ-94 ಎಂಬ ಪ್ರವೇಶದ ದಾಖಲೆ, ಎಲ್ಲಿ?

ವಲಸೆ ಕಾಯ್ದೆಯ 245(ಎ) ಕಲಮಿನ ಪ್ರಕಾರ ಐ-485, ಅಂದರೆ ದೇಶದೊಳಗಿದ್ದೇ ಹಾಕುವ ಗ್ರೀನ್ ಕಾರ್ಡ್ ಅರ್ಜಿ, ಹಾಕುವವರು ಅಧಿಕಾರಿಯ ತಪಾಸಣೆಗೆ ಒಳಪಟ್ಟು ಪ್ರವೇಶ ಪಡೆದಿರಬೇಕು, ಇಲ್ಲವೇ ಪೆರೋಲ್ (ತಾತ್ಕಾಲಿಕವಾಗಿ ಒಳಬಿಡುವ ಅನುಮತಿ) ಮೇಲೆ ಬಂದಿರಬೇಕು. ವೀಸಾ ಅವಧಿ ಮೀರಿ ಉಳಿದದ್ದು, ಅನುಮತಿಯಿಲ್ಲದೆ ಕೆಲಸ ಮಾಡಿದ್ದು ಪ್ರಜೆಯ ಗಂಡ ಅಥವಾ ಹೆಂಡತಿಗೆ ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಪ್ರವೇಶದ ಷರತ್ತಿಗೆ ಮಾತ್ರ ಆ ಮಾಫಿ ಇಲ್ಲ. ಜನ ಇವೆರಡನ್ನೂ ಕಲಸಿಬಿಡುತ್ತಾರೆ. ‘ನನ್ನ ಸ್ಟೇಟಸ್ ಮುಗಿದು ಆರು ವರ್ಷವಾಯಿತು, ಇನ್ನೇನೂ ಆಗುವುದಿಲ್ಲ’ ಎಂದು ಕೈಚೆಲ್ಲಿದವರ ಬಳಿ ಪ್ರವೇಶದ ಮುದ್ರೆ ಅಚ್ಚುಕಟ್ಟಾಗಿ ಇರುತ್ತದೆ. ಅವರ ದಾರಿ ತೆರೆದೇ ಇದೆ. (ಸಂಗಾತಿ ಪ್ರಜೆಯಲ್ಲ, ಗ್ರೀನ್ ಕಾರ್ಡ್ ಮಾತ್ರ ಇರುವವರು ಎಂದಾದರೆ ಲೆಕ್ಕ ಬೇರೆ. ಅಲ್ಲಿ ಅವಧಿ ಮೀರಿ ಉಳಿದದ್ದೂ ಅಡ್ಡ ಬರುತ್ತದೆ.)

ಹುಡುಕಾಟ ಶುರುವಾಗಬೇಕಾದದ್ದು ಗಡಿ ಇಲಾಖೆಯಾದ ಸಿಬಿಪಿಯ ಐ-94 ಜಾಲತಾಣದಿಂದ. ವಿಮಾನ ಮತ್ತು ಹಡಗಿನಲ್ಲಿ ಬರುವವರಿಗೆ ಕಾಗದದ ಐ-94 ಕೊಡುವುದನ್ನು 2013ರಲ್ಲಿ ನಿಲ್ಲಿಸತೊಡಗಿದರು. ಅಲ್ಲಿಂದೀಚೆಗಿನ ದಾಖಲೆ ಗಣಕದಲ್ಲಿದೆ. ‘ದಾಖಲೆ ಸಿಗಲಿಲ್ಲ’ ಎಂದು ಪರದೆ ಹೇಳಿದ ಮಾತ್ರಕ್ಕೆ ದಾಖಲೆ ಇಲ್ಲ ಅಂತಲ್ಲ. ಬಹುಪಾಲು ಸಲ ತಪ್ಪಿರುವುದು ಪಾಸ್‌ಪೋರ್ಟ್ ಸಂಖ್ಯೆ. ಬಂದ ಮೇಲೆ ಪಾಸ್‌ಪೋರ್ಟ್ ನವೀಕರಿಸಿದವರು ಹೊಸ ಸಂಖ್ಯೆ ಹಾಕಿ ಹುಡುಕುತ್ತಾರೆ. ದಾಖಲೆ ಕೂತಿರುವುದು ಗಡಿಯಲ್ಲಿ ತೋರಿಸಿದ ಹಳೆಯ ಸಂಖ್ಯೆಯ ಮೇಲೆ.

ಎರಡನೆಯ ಕಾರಣ ಹೆಸರು, ಭಾರತೀಯರಿಗಂತೂ ಇದು ದೊಡ್ಡ ತಲೆನೋವು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರ ಅಮೆರಿಕ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಗಿವನ್ ನೇಮ್ ಜಾಗದಲ್ಲಿ ‘ಎಫ್ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗಿರುತ್ತದೆ. ಹುಡುಕುವಾಗಲೂ ಹಾಗೇ ಹಾಕಿ ನೋಡಬೇಕು. ಅದೂ ಆಗದಿದ್ದರೆ ಹೆಸರಿನ ಎರಡು ಭಾಗಗಳನ್ನು ಅದಲುಬದಲು ಮಾಡಿ, ತಂದೆಯ ಹೆಸರು ಬಿಟ್ಟು, ನಡುವಿನ ಜಾಗ ತೆಗೆದು ಹೀಗೆ ಒಂದೊಂದಾಗಿ. ಹತ್ತು ನಿಮಿಷದ ಈ ಕೆಲಸ ತಿಂಗಳುಗಟ್ಟಲೆ ಕಾಯುವುದನ್ನು ತಪ್ಪಿಸುತ್ತದೆ.

ಅದೇ ತಾಣದಲ್ಲಿ ಪ್ರಯಾಣ ಇತಿಹಾಸದ ಪಟ್ಟಿಯೂ ಸಿಗುತ್ತದೆ. ಆದರೆ ಅದು ಕಾನೂನಿನ ಕೆಲಸಕ್ಕೆ ಅಧಿಕೃತ ದಾಖಲೆಯಲ್ಲ ಎಂದು ಆ ತಾಣವೇ ಹೇಳುತ್ತದೆ. ಜೊತೆಗಿಡಿ, ಅದೊಂದನ್ನೇ ನಂಬಿ ಕೂರಬೇಡಿ. ಇನ್ನೊಂದು ಸಣ್ಣ ವಿಷಯ: 2019ರಿಂದ ಐ-94 ಸಂಖ್ಯೆಯ ಹನ್ನೊಂದು ಸ್ಥಾನಗಳಲ್ಲಿ ಹತ್ತನೆಯದು ಅಕ್ಷರ. ಮುದ್ರಣದೋಷ ಎಂದುಕೊಂಡು ಅದನ್ನು ‘ಸರಿಪಡಿಸಿ’ ಫಾರಂ ತುಂಬುವವರಿದ್ದಾರೆ.

ಕಾಗದದ ಐ-94 ಕಾಲದವರು ಹಳೆಯ ಪಾಸ್‌ಪೋರ್ಟ್ ತೆಗೆದು ಪ್ರತಿ ಪುಟ ತಿರುವಬೇಕು. ರದ್ದು ಮುದ್ರೆ ಬಿದ್ದ, ಮೂಲೆ ಕತ್ತರಿಸಿದ ಪಾಸ್‌ಪೋರ್ಟ್ ಆದರೂ ಒಳಗಿನ ಪ್ರವೇಶ ಮುದ್ರೆಗೆ ಬೆಲೆ ಹೋಗಿರುವುದಿಲ್ಲ. ಪಾಸ್‌ಪೋರ್ಟೇ ಕಳೆದಿದ್ದರೆ ‘ಈ ಕಾಗದವನ್ನು ನೀವು ಯಾರ್‍ಯಾರಿಗೆ ತೋರಿಸಿದ್ದಿರಿ?’ ಎಂಬ ಪ್ರಶ್ನೆಯಿಂದ ಹೊರಡುವುದು ಒಳ್ಳೆಯದು. ನೌಕರಿಗೆ ಸೇರಿದಾಗ ಕೆಲಸಕ್ಕೆ ಅರ್ಹತೆ ತೋರಿಸುವ ಐ-9 ಫಾರಮ್ಮಿನ ಜೊತೆ ಕಂಪನಿಯವರು ಪಾಸ್‌ಪೋರ್ಟ್ ಮತ್ತು ಐ-94 ಪ್ರತಿ ಇಟ್ಟುಕೊಂಡಿರಬಹುದು. ಆ ಫಾರಂ ಇಡಬೇಕಾದದ್ದು ಸೇರಿದ ದಿನದಿಂದ ಮೂರು ವರ್ಷ ಅಥವಾ ಕೆಲಸ ಬಿಟ್ಟ ಮೇಲೆ ಒಂದು ವರ್ಷ, ಯಾವುದು ತಡವೋ ಅಲ್ಲಿಯವರೆಗೆ. ಹಾಗಾಗಿ ಬೇಗ ಕೇಳಬೇಕು. ಎಚ್-1ಬಿ (ಉದ್ಯೋಗ) ಅಥವಾ ಎಚ್-4 (ಅವರ ಕುಟುಂಬದ) ವೀಸಾ ಅರ್ಜಿ ಹಾಕಿದ ಹಳೆಯ ವಕೀಲರ ಕಚೇರಿ, ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿ ಕಚೇರಿ, ಇವೂ ಚಿನ್ನದ ಗಣಿ. ಮನೆಯವರಿಗೆ ಕಳಿಸಿದ ಹಳೆಯ ಇಮೇಲಿನಲ್ಲಿ ಸ್ಕ್ಯಾನ್ ಸಿಕ್ಕರೂ ಸಿಗಬಹುದು.

ಏನೂ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ, ಅಂದರೆ ಎಫ್ಒಐಎ. ಸಿಬಿಪಿಗೆ ಒಂದು, ಗ್ರೀನ್ ಕಾರ್ಡ್ ಅರ್ಜಿ ನೋಡುವ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ಇನ್ನೊಂದು. ಒಂದರ ದಾಖಲೆ ಇನ್ನೊಂದರಲ್ಲಿ ಇರಬೇಕೆಂದಿಲ್ಲ. ಈವರೆಗೆ ಬಳಸಿದ ಎಲ್ಲ ಹೆಸರು, ಎಲ್ಲ ಪಾಸ್‌ಪೋರ್ಟ್ ಸಂಖ್ಯೆ ಬರೆಯಬೇಕು. ದಿನಾಂಕ ನೆನಪಿಲ್ಲದಿದ್ದರೆ ಒಂದು ದಿನ ಊಹಿಸುವ ಬದಲು ಅವಧಿ ಕೊಡಿ. ‘ದಾಖಲೆ ಇಲ್ಲ’ ಎಂಬ ಪತ್ರ ಬಂದರೆ ಹರಿದು ಬಿಸಾಡಬೇಡಿ. ಮೂಲ ದಾಖಲೆ ಸಿಗುವುದಿಲ್ಲ ಎಂದು ತೋರಿಸಿದ ಮೇಲೆಯೇ ಪೂರಕ ಪುರಾವೆಗೆ, ಅದೂ ಸಾಲದಾದರೆ ಪ್ರಮಾಣಪತ್ರಗಳಿಗೆ (ಅಫಿಡವಿಟ್) ಬಾಗಿಲು ತೆರೆಯುತ್ತದೆ. ಆ ಬಾಗಿಲಿನ ಕೀಲಿ ಈ ಪತ್ರ. ಐ-102 ಎಂಬ ಬದಲಿ ಐ-94 ಅರ್ಜಿ ಇದೆ. ಆದರೆ ಗಡಿಯಲ್ಲಿ ಅಧಿಕಾರಿ ವೀಸಾ ವರ್ಗ ಅಥವಾ ಹೆಸರು ತಪ್ಪಾಗಿ ನಮೂದಿಸಿದ್ದರೆ ಅದನ್ನು ಸರಿ ಮಾಡುವುದು ಸಿಬಿಪಿಯ ‘ಡಿಫರ್ಡ್ ಇನ್‌ಸ್ಪೆಕ್ಷನ್’ ಕಚೇರಿ. ಅದಕ್ಕೆ ಐ-102 ಶುಲ್ಕ ಕಟ್ಟುವುದು ದಂಡ.

ಪ್ರಮಾಣಪತ್ರ ಬರೆಯಬೇಕಾದವರು ಅರ್ಜಿಯ ಪಕ್ಷಗಾರರಲ್ಲದ, ಸ್ವತಃ ಕಂಡು ತಿಳಿದ ಕನಿಷ್ಠ ಇಬ್ಬರು. ವಿಮಾನ ನಿಲ್ದಾಣಕ್ಕೆ ಕರೆಯಲು ಬಂದಿದ್ದ ಅಣ್ಣನಿಗೆ ಗೊತ್ತಿರುವುದು ನಿಲ್ದಾಣದಿಂದ ಹೊರಬಂದದ್ದು ಮಾತ್ರ. ತಪಾಸಣೆ ನಡೆದದ್ದನ್ನು ಕಂಡೆ ಎಂದು ಅವರ ಕೈಯಲ್ಲಿ ಬರೆಸಿದರೆ ಸಂದರ್ಶನದಲ್ಲಿ ಒಂದೇ ಪ್ರಶ್ನೆಗೆ ಬಿದ್ದುಹೋಗುತ್ತದೆ. ಕಂಡಷ್ಟನ್ನೇ ಬರೆಯಲಿ. ಕನ್ನಡದಲ್ಲಿ ಬರೆದರೆ ಪೂರ್ಣ ಇಂಗ್ಲಿಷ್ ಅನುವಾದ, ಅನುವಾದಕರ ದೃಢೀಕರಣ ಎರಡೂ ಬೇಕು.

ಪ್ರಮಾಣಪತ್ರವೇ ಬೆನ್ನೆಲುಬಾಗುವುದು ಭೂಗಡಿಯ ಪ್ರಕರಣಗಳಲ್ಲಿ. ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು, ಅಧಿಕಾರಿ ಚಾಲಕನನ್ನು ಮಾತಾಡಿಸಿ ಕೈಬೀಸಿ ಬಿಟ್ಟರು. ಮುದ್ರೆ ಇಲ್ಲ, ಐ-94 ಇಲ್ಲ. ವಲಸೆ ಮೇಲ್ಮನವಿ ಮಂಡಳಿ 2010ರ ಕ್ವಿಲಾಂಟನ್ ಪ್ರಕರಣದಲ್ಲಿ ಇದನ್ನೂ ಪ್ರವೇಶವೆಂದೇ ಒಪ್ಪಿದೆ: ತಪಾಸಣೆಗೆ ಎದುರಾದರೆ ಸಾಕು, ಅಧಿಕಾರಿ ಪ್ರಶ್ನೆ ಕೇಳಲೇಬೇಕೆಂದಿಲ್ಲ. ಸಾಬೀತುಪಡಿಸುವ ಹೊಣೆ ಮಾತ್ರ ಅರ್ಜಿದಾರರದ್ದೇ. ಯಾವ ಗಡಿಠಾಣೆ, ಹಗಲೋ ರಾತ್ರಿಯೋ, ಕಾರು ಯಾರದು, ಯಾರು ಎಲ್ಲಿ ಕೂತಿದ್ದರು, ಅಧಿಕಾರಿ ಏನು ಕೇಳಿದರು ಎಂಬ ವಿವರ ಬೇಕು. ಕಾರಿನಲ್ಲಿದ್ದ ಬೇರೆಯವರ ಹೇಳಿಕೆಯೂ ಅದಕ್ಕೆ ಹೊಂದಬೇಕು. ‘ನಾನು ಅಮೆರಿಕದ ಪ್ರಜೆ’ ಎಂದು ಸುಳ್ಳು ಹೇಳಿ ದಾಟಿದ್ದರೆ ಅದು ಪ್ರವೇಶವೇ ಅಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಸುಳ್ಳಿಗೆ ಗ್ರೀನ್ ಕಾರ್ಡ್ ಹಂತದಲ್ಲಿ ಮನ್ನಾ ಇಲ್ಲ. ಬೇರೆಯವರ ಪಾಸ್‌ಪೋರ್ಟಿನಲ್ಲಿ ಬಂದವರ ಕಥೆ ಇನ್ನೊಂದು, ಅಲ್ಲಿ ವಂಚನೆಯ ಪ್ರಶ್ನೆ ಏಳುತ್ತದೆ. ಐ-601 ಮನ್ನಾ ಅರ್ಜಿ ಬೇಕಾಗುತ್ತದೆ. ಇವೆರಡರಲ್ಲಿ ಯಾವುದರ ಸುಳಿವು ಸಿಕ್ಕರೂ ಫಾರಂ ತುಂಬುವುದನ್ನು ಅಲ್ಲಿಗೇ ನಿಲ್ಲಿಸಿ ವಕೀಲರ ಮುಂದಿಡಬೇಕು. ತಪಾಸಣೆಯೇ ಇಲ್ಲದೆ ದಾಟಿದವರಿಗೆ ‘ಹಾಕಿ ನೋಡೋಣ’ ಎಂಬ ಸಲಹೆಯಂತೂ ಅಪಾಯಕಾರಿ. ತಿರಸ್ಕೃತವಾದರೆ ಬೆನ್ನಿಗೇ ವಲಸೆ ನ್ಯಾಯಾಲಯದ ನೋಟಿಸ್ ಬರಬಹುದು.

ಕಾಗದ ಇಲ್ಲದ್ದಕ್ಕಿಂತ ಕಾಗದಗಳು ಒಂದಕ್ಕೊಂದು ತಾಳೆಯಾಗದೆ ಕೆಡುವ ಫೈಲುಗಳೇ ನಮ್ಮ ಕಣ್ಣಿಗೆ ಹೆಚ್ಚು ಬೀಳುವುದು. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುವವರು. ಅಮೆರಿಕದ ಫಾರಮ್ಮಿಗೆ ತಿಂಗಳು ಮೊದಲು ಬೇಕು. ಮಾರ್ಚ್ 4 ಏಪ್ರಿಲ್ 3 ಆಗಿ ಕೂತುಬಿಡುತ್ತದೆ. ಶಿಕಾಗೊದಲ್ಲಿ ಇಳಿದು ತಪಾಸಣೆ ಮುಗಿಸಿ, ಅಲ್ಲಿಂದ ಒಳನಾಡಿನ ವಿಮಾನ ಹಿಡಿದು ಸ್ಯಾನ್ ಹೋಸೆಗೆ ಹೋದವರು ಪ್ರವೇಶದ ಜಾಗ ಸ್ಯಾನ್ ಹೋಸೆ ಎಂದು ಬರೆಯುತ್ತಾರೆ. ಅಬುಧಾಬಿ ಮೂಲಕ ಬಂದವರ ಗೊಂದಲ ಇನ್ನೂ ಸೊಗಸು: ಅಮೆರಿಕದ ತಪಾಸಣೆ ಅಬುಧಾಬಿ ನಿಲ್ದಾಣದಲ್ಲೇ ಮುಗಿದಿರುತ್ತದೆ, ನ್ಯೂಯಾರ್ಕಿನಲ್ಲಿ ಯಾರೂ ಮುದ್ರೆ ಒತ್ತಿರುವುದಿಲ್ಲ. ‘ನನ್ನನ್ನು ಯಾರೂ ತಪಾಸಣೆ ಮಾಡಲೇ ಇಲ್ಲ’ ಎಂದು ಹೇಳುವವರಿಗೆ ಮೊದಲು ಕೇಳಬೇಕಾದದ್ದು ಯಾವ ದಾರಿಯಲ್ಲಿ ಬಂದಿರಿ ಎಂದು. ಜೊತೆಗೆ ಇದು ಕೊನೆಯ ಪ್ರವೇಶವೇ ಎಂದು. ಮೊದಲ ಸಲ ವೀಸಾದಲ್ಲಿ ಬಂದು, ಹೋಗಿ, ಮತ್ತೆ ತಪಾಸಣೆಯಿಲ್ಲದೆ ಒಳಬಂದವರಿಗೆ ಹಳೆಯ ಮುದ್ರೆ ಕೈಹಿಡಿಯುವುದಿಲ್ಲ.

ಪುರಾವೆ ಸಾಲದು, ಇನ್ನಷ್ಟು ಕೊಡಿ ಎಂದು ಕೇಳುವ ಪತ್ರ, ಅಂದರೆ ಆರ್‌ಎಫ್‌ಇ ಬಂದರೆ ಹೆಚ್ಚೆಂದರೆ 84 ದಿನ, ಅಂಚೆಯಲ್ಲಿ ಬಂದಿದ್ದರೆ ಇನ್ನು ಮೂರು. ಕೊನೆಯ ದಿನಾಂಕ ಪತ್ರದಲ್ಲೇ ಇರುತ್ತದೆ, ವಿಸ್ತರಣೆ ಸಿಗುವುದಿಲ್ಲ. ಉತ್ತರ ಒಂದೇ ಸಲ, ಎಲ್ಲವೂ ಒಟ್ಟಿಗೆ. ಅರ್ಧ ಇಂದು, ಉಳಿದದ್ದು ಬರುವ ವಾರ ಎಂದರೆ ಮೊದಲು ಹೋದ ಅರ್ಧದ ಮೇಲೇ ತೀರ್ಮಾನವಾಗುತ್ತದೆ. ಎಫ್ಒಐಎ ಉತ್ತರ ಆ ಅವಧಿಯಲ್ಲಿ ಬಂದೇ ಬರುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ಅದನ್ನು ಕಳಿಸಬೇಕಾದದ್ದು ಐ-485 ಹಾಕುವ ಮೊದಲು. ಸಂದರ್ಶನಕ್ಕೆ ಹೋಗುವ ದಿನ ಹಳೆಯ ಪಾಸ್‌ಪೋರ್ಟ್ ಮೂಲಪ್ರತಿಯೇ ಕೈಯಲ್ಲಿರಲಿ, ಮುದ್ರೆಯಿರುವ ಪುಟಕ್ಕೆ ಒಂದು ಚೀಟಿ ಸಿಕ್ಕಿಸಿ.