ಅವರು ಚೀಟಿ ಯಾಕೆ ಇಟ್ಟುಕೊಳ್ಳಲಿಲ್ಲ?

ಕನ್ನಡ ಕೂಟದ ಊಟದ ಸಾಲಿನಲ್ಲಿ ಕೇಳುತ್ತಾರೆ. ಮಕ್ಕಳ ಹುಟ್ಟುಹಬ್ಬದಲ್ಲಿ ಕೇಳುತ್ತಾರೆ. ಊರಿಗೆ ಹೋದರೆ ಮಾವನ ಮನೆ ಜಗಲಿಯಲ್ಲೂ ಅದೇ. ಕ್ಯಾಲಿಫೋರ್ನಿಯಾದಲ್ಲಿ ನಾನು ಒಂದಷ್ಟು ದಿನ, ಅಮೆರಿಕದಲ್ಲಿ ದುಡಿದು ಕೂಲಿಯಲ್ಲಿ ಹಿಡಿದ ದುಡ್ಡು ವಾಪಸ್ ಸಿಗದ ಮೆಕ್ಸಿಕೋದ ಹಳೇ ಕೂಲಿಕಾರರ ದಾಖಲೆ ಹುಡುಕಲು ಓಡಾಡಿದ್ದೆ ಅಂತ ಯಾರೋ ಬಾಯಿ ಬಿಡುತ್ತಾರೆ. ಎದುರಿನವರು ಅರ್ಧ ನಿಮಿಷ ‘ಅಯ್ಯೋ ಪಾಪ’ ಅನ್ನುತ್ತಾರೆ. ಆಮೇಲೆ ಶುರು: ‘ಅಲ್ಲಾ, ದುಡ್ಡಿನ ವಿಷಯ ಅಲ್ವಾ? ಅವರು ಸಂಬಳದ ಚೀಟಿ ಯಾಕೆ ಜೋಪಾನವಾಗಿ ಇಟ್ಟುಕೊಳ್ಳಲಿಲ್ಲ?’

ಮೊದಲೆಲ್ಲ ನಗುನಗುತ್ತಾ ವಿವರಿಸುತ್ತಿದ್ದೆ. ಈಗ ಸಾಕಾಗಿದೆ. ಬರೆದು ಇಟ್ಟುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಲಿಂಕ್ ಕಳಿಸಿ ನಾನು ನೆಮ್ಮದಿಯಾಗಿ ಬಿಸಿಬೇಳೆಬಾತ್ ತಿನ್ನುತ್ತೇನೆ.

ಕಥೆ ಇಷ್ಟು. 1942ರಲ್ಲಿ ಅಮೆರಿಕದ ಗಂಡಸರೆಲ್ಲ ಯುದ್ಧಕ್ಕೆ ಹೊರಟಿದ್ದರು. ಹೊಲದ ಕೆಲಸಕ್ಕೆ ಜನ ಇಲ್ಲ. ಆಗಸ್ಟ್ ತಿಂಗಳಲ್ಲಿ ಅಮೆರಿಕ ಮತ್ತು ಮೆಕ್ಸಿಕೋ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಸೆಪ್ಟೆಂಬರ್ ಕೊನೆಗೆ ಮೊದಲ ತಂಡ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್‌ಗೆ ಬಂದಿಳಿಯಿತು, ಸಕ್ಕರೆ ಬೀಟ್ ಕೀಳಲು. ಇವರನ್ನು ಬ್ರಸೇರೋ ಅನ್ನುತ್ತಿದ್ದರು. ಸ್ಪ್ಯಾನಿಷ್‌ನಲ್ಲಿ ಬ್ರಾಸೋ ಅಂದರೆ ತೋಳು. ಮನುಷ್ಯ ಬೇಡ, ತೋಳು ಸಾಕು ಅನ್ನುವ ಹಾಗಿದೆ ಹೆಸರು. ಆರಿಸುವಾಗ ಅಂಗೈ ಮುಟ್ಟಿ ನೋಡುತ್ತಿದ್ದರು. ಗಟ್ಟಿ ಚರ್ಮ ಇದ್ದರೆ ರೈತ, ಮೆತ್ತಗಿದ್ದರೆ ವಾಪಸ್. (ನನ್ನ ಕೈ ಮುಟ್ಟಿದ್ದರೆ ಮುಂದಿನ ಬಸ್ಸಿಗೇ ಹತ್ತಿಸುತ್ತಿದ್ದರು.) ಈ ಏರ್ಪಾಡು 1964ರವರೆಗೆ ನಡೆಯಿತು. ಒಟ್ಟು ಸುಮಾರು 46 ಲಕ್ಷ ಕರಾರುಗಳು.

ಕೂಲಿ ಗಂಟೆಗೆ ಕನಿಷ್ಠ 30 ಸೆಂಟ್. ಶುರುವಿನ ವರ್ಷಗಳಲ್ಲಿ ಅದರಲ್ಲಿ ನೂರಕ್ಕೆ ಹತ್ತು ಭಾಗ ಹಿಡಿದಿಟ್ಟರು. ಊರಿಗೆ ಹೋದ ಮೇಲೆ ನೇಗಿಲು ಗೀಗಿಲು ಕೊಳ್ಳಲು ಉಳಿತಾಯ ಅಂತೆ. ಗಂಟೆಗೆ ಮೂರು ಸೆಂಟ್. ದಿನಕ್ಕೆ ಹತ್ತು ಗಂಟೆ ಬಗ್ಗಿದರೆ ಮೂವತ್ತು ಸೆಂಟ್, ಅಂದರೆ ದಿನಾ ಒಂದು ಗಂಟೆ ಬಿಟ್ಟಿ. ಊರಿಗೆ ಹೋದರು. ದುಡ್ಡು ಬರಲಿಲ್ಲ. ಹಿಡಿದಿದ್ದಾರೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಗೊತ್ತಿಲ್ಲದ ದುಡ್ಡಿಗೆ ಯಾರು ಸ್ವಾಮಿ ಚೀಟಿ ಇಡುತ್ತಾರೆ?

ಆದರೆ ನನ್ನ ತಲೆ ಕೆಡಿಸುವುದು ಪ್ರಶ್ನೆಗಿಂತ ಅದರ ಹಿಂದಿನ ರಾಗ. ‘ಓದು ಬರಹ ಬರಲ್ಲ ನೋಡಿ, ಕಾಗದದ ಬೆಲೆ ಎಲ್ಲಿ ಗೊತ್ತಿರುತ್ತೆ.’ ಹೀಗಂದವರು ಒಬ್ಬ ಎಂಜಿನಿಯರ್. ನಾನೂ ಎಂಜಿನಿಯರ್. ಬೆಂಗಳೂರಿನ ನನ್ನ ಮೊದಲ ಕೆಲಸದ ಪಿಎಫ್ ಇವತ್ತಿಗೂ ಕೈಗೆ ಬಂದಿಲ್ಲ, ಯಾಕೆಂದರೆ ಆ ನಂಬರನ್ನು ನಾನು ಎಲ್ಲೂ ಬರೆದಿಟ್ಟುಕೊಂಡಿಲ್ಲ. ನನ್ನ ಹತ್ತಿರ ಆಗಲೇ ಮೂರು ಫೈಲು, ಒಂದು ಸ್ಕ್ಯಾನರ್ ಇತ್ತು. ಅವರ ಹತ್ತಿರ ಇದ್ದದ್ದು ಕ್ಯಾಂಪಿನ ಒಂದು ಮಂಚ.

‘ಸೋಶಿಯಲ್ ಸೆಕ್ಯುರಿಟಿ ನಂಬರ್ ಹಾಕಿ ನೋಡಬಹುದಲ್ಲ?’ ಇದು ಎರಡನೇ ಪ್ರಶ್ನೆ, ಸ್ವಲ್ಪ ಜಾಣರದ್ದು. ಆಗಲ್ಲ. ಅದು ಅಮೆರಿಕದ ಪಿಂಚಣಿ ಲೆಕ್ಕದ ನಂಬರು. 1935ರ ಆ ಕಾನೂನು ಹೊಲದ ಕೂಲಿಗಳನ್ನು ಹೊರಗೇ ಇಟ್ಟಿತ್ತು. 1951ರವರೆಗೆ ಅವರು ಯಾರೂ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಇಲ್ಲದ ಕಡತದಲ್ಲಿ ಹುಡುಕು ಅಂದರೆ ಏನು ಹುಡುಕಲಿ?

ಹೆಸರಿನ ಗೋಳು ಬೇರೆ. ಮೆಕ್ಸಿಕೋದವರಿಗೆ ಎರಡು ಮನೆತನದ ಹೆಸರು, ಮೊದಲು ಅಪ್ಪನದು, ಕೊನೆಗೆ ಅಮ್ಮನದು. ಹುವಾನ್ ಗಾರ್ಸಿಯಾ ಲೋಪೆಜ್ ಅಂದರೆ ಅವನು ಗಾರ್ಸಿಯಾ. ಇಂಗ್ಲಿಷ್ ಗುಮಾಸ್ತ ಕೊನೆಯದನ್ನು ಹಿಡಿದು ಲೋಪೆಜ್ ಅಂತ ಬರೆಯುತ್ತಾನೆ. ಒಂದು ಪಟ್ಟಿಯಲ್ಲಿ ಜಿ ಅಕ್ಷರದ ಕೆಳಗೆ, ಇನ್ನೊಂದರಲ್ಲಿ ಎಲ್ ಕೆಳಗೆ. ಒಬ್ಬ ಮನುಷ್ಯ ಇಬ್ಬರಾದ. ಇದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರಿದೆ. ಕ್ಲಿನಿಕ್ಕಿನಲ್ಲಿ ‘ಮಿಸ್ಟರ್ ತಿಮ್ಮಪ್ಪ’ ಅಂತ ಕೂಗಿದರೆ ನಾನು ಎದ್ದು ನಿಲ್ಲುತ್ತೇನೆ. ತಿಮ್ಮಪ್ಪ ತೀರಿಕೊಂಡು ಹನ್ನೆರಡು ವರ್ಷ ಆಯಿತು.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ಹಿಡಿದವರ ಪುಸ್ತಕ ಎಲ್ಲಿ?

ಸ್ವಲ್ಪ ಯೋಚನೆ ಮಾಡಿ. ಹೊಲದ ಯಜಮಾನ ಕೂಲಿಯಲ್ಲಿ ಮುರಿದುಕೊಂಡ. ಅದು ಅಮೆರಿಕ ಸರ್ಕಾರಕ್ಕೆ ಹೋಯಿತು. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋದ ವೆಲ್ಸ್ ಫಾರ್ಗೋ ಬ್ಯಾಂಕಿಗೆ. ಅಲ್ಲಿಂದ ಮೆಕ್ಸಿಕೋದ ಕೇಂದ್ರ ಬ್ಯಾಂಕಿಗೆ. ಅಲ್ಲಿಂದ ಹೊಲದವರ ದುಡ್ಡು ಅಲ್ಲಿನ ಕೃಷಿ ಸಾಲದ ಬ್ಯಾಂಕಿಗೆ, ಇವರಲ್ಲೇ ರೈಲು ಹಳಿ ಕೆಲಸಕ್ಕೆ ಬಂದವರ ದುಡ್ಡು ಉಳಿತಾಯದ ಬ್ಯಾಂಕಿಗೆ. ಮೆಟ್ಟಿಲು ಮೆಟ್ಟಿಲಿಗೂ ಒಬ್ಬ ಗುಮಾಸ್ತ, ಒಂದು ಲೆಡ್ಜರ್, ಒಂದು ಮೊಹರು. ಇಷ್ಟು ಜನ ಓದು ಬಂದವರು. ಕೊನೆಗೆ ಕಾಗದ ತಾ ಅಂತ ಕೇಳಿದ್ದು ಯಾರನ್ನ? ಬೀಟ್ ಕಿತ್ತವನನ್ನ.

ಮುದುಕರು ಸುಮ್ನೆ ಕೂರಲಿಲ್ಲ ಅನ್ನುವುದನ್ನೂ ಹೇಳಬೇಕು. 2001ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದಾವೆ ಹೂಡಿದರು. ಮರುವರ್ಷ ನ್ಯಾಯಾಧೀಶರು ತಳ್ಳಿಹಾಕಿದರು, ಆಮೇಲೆ ಅದು ಮತ್ತೆ ಜೀವ ಹಿಡಿಯಿತು. 2004ರಲ್ಲಿ ಆಗಿನ ಮೆಕ್ಸಿಕೋ ಅಧ್ಯಕ್ಷ ವಿಸೆಂತೆ ಫಾಕ್ಸ್ ಅವರ ಮನೆತನದ ತೋಟಕ್ಕೇ ನುಗ್ಗಿದರು. ಎಂಬತ್ತರ ಹತ್ತಿರದವರು! 2008ರಲ್ಲಿ ರಾಜಿ ಆಯಿತು. 1942ರಿಂದ 1946ರ ಒಳಗೆ ದುಡಿದು ಆಗ ಅಮೆರಿಕದಲ್ಲಿ ಇದ್ದವರಿಗೆ, ಅವರಿಲ್ಲದಿದ್ದರೆ ಹೆಂಡತಿ ಮಕ್ಕಳಿಗೆ, ಮೆಕ್ಸಿಕೋ ತಲಾ 3,500 ಡಾಲರ್ ಕೊಡಬೇಕಿತ್ತು. ಅರ್ಜಿ ಹಾಕಲು ಆ ಅಕ್ಟೋಬರ್ ಕೊನೆಯಿಂದ 2009ರ ಜನವರಿ 5ರವರೆಗೆ ಸಮಯ ಇತ್ತು. ಅರವತ್ತು ವರ್ಷ ಕಾಯಿಸಿ ಎರಡೂವರೆ ತಿಂಗಳು ಕೊಟ್ಟರು.

ಆ ಎರಡೂವರೆ ತಿಂಗಳಲ್ಲೇ ನಾನು ಕ್ಯಾಲಿಫೋರ್ನಿಯಾದ ಸಾಲಿನಾಸ್ ಕಡೆ ಒಬ್ಬ ಅಜ್ಜನ ಮನೆಗೆ ಹೋಗಿದ್ದು. ನನ್ನ ಸ್ಪ್ಯಾನಿಷ್ ಹರಕು ಮುರುಕು. ಮೊಮ್ಮಗಳು ಜೊತೆಗಿದ್ದಳು. ಅಜ್ಜ ಗೋಡೆಯಿಂದ ಗ್ವಾಡಲೂಪೆ ಅಮ್ಮನ, ಅಂದರೆ ಮೆಕ್ಸಿಕೋದವರ ಮೇರಿ ಮಾತೆಯ, ಪಟ ಇಳಿಸಿದರು. ಹಿಂದಿನ ರಟ್ಟು ಬಿಚ್ಚಿದರು. ಒಳಗೆ ಸಂಬಳದ ಚೀಟಿ, ನಾಲ್ಕು ಮಡಿಕೆ, ಒಂದು ಹರಕಿಲ್ಲ. ನನ್ನ ಎದೆ ಹೊಡೆದುಕೊಂಡಿತು. ಬಿಡಿಸಿದೆ. 1951.

ಐದು ವರ್ಷ ತಡ. ಅಜ್ಜ 1944ರಲ್ಲೂ ಬಂದಿದ್ದರು, ಯಾವ ಊರು, ಯಾವ ಬೆಳೆ, ಅಡುಗೆಯವನು ಬೀನ್ಸ್ ಹೇಗೆ ಕೆಡಿಸುತ್ತಿದ್ದ, ಎಲ್ಲ ಹೇಳಿದರು. ಆಗ ನಾನೇ ಕೇಳಿದೆ. ಹೌದು, ನಾನೇ. ‘ಅಜ್ಜಾ, 1944ರ ಚೀಟಿ ಯಾಕೆ ಇಟ್ಟುಕೊಳ್ಳಲಿಲ್ಲ?’

ಇಟ್ಟುಕೊಂಡಿದ್ದರಂತೆ. ಏಳು ವರ್ಷ. 1951ರಲ್ಲಿ ಮತ್ತೆ ಕೆಲಸಕ್ಕೆ ಸಾಲು ನಿಂತಾಗ, ಮೊದಲು ದುಡಿದಿದ್ದೇನೆ ಅಂತ ತೋರಿಸಲು ಮೇಜಿನ ಹಿಂದಿದ್ದವನ ಕೈಗೆ ಕೊಟ್ಟರು. ಅವನು ನೋಡಿದ, ಪಕ್ಕದ ಕಟ್ಟಿನ ಮೇಲೆ ಇಟ್ಟ, ಮುಂದಿನವರು ಬನ್ನಿ ಅಂದ. ಅದಾದ ಮೇಲೇ ಚೀಟಿ ಪಟದ ಹಿಂದೆ ಇಡುವ ಅಭ್ಯಾಸ.

ಇಷ್ಟು ಹೇಳಿ ಅಜ್ಜ ಮೊಮ್ಮಗಳ ಕಡೆ ತಿರುಗಿ ಏನೋ ಅಂದರು. ಅವಳು ಸ್ವಲ್ಪ ನಾಚಿಕೊಂಡು ನನಗೆ ಹೇಳಿದಳು: ‘ನೀವು ಕಂಪ್ಯೂಟರಿನವರಂತೆ, ಅಲ್ವಾ? ದುಡ್ಡು ಹಿಡಿದವರ ಪುಸ್ತಕದಲ್ಲಿ ಇರುತ್ತದೆ, ತೆಗೆದು ನೋಡಿ ಅಂತಿದ್ದಾರೆ.’

ನಾನು ಲ್ಯಾಪ್‌ಟಾಪ್ ಮುಚ್ಚಿದೆ. 1951ರ ಚೀಟಿಯ ಫೋಟೋ ಹಚ್ಚಿ ಅರ್ಜಿ ಹಾಕಿದೆವು. ದುಡ್ಡು ಬರಲಿಲ್ಲ. ಆವತ್ತು ಹೊರಡುವ ಮೊದಲು ಪಟದ ರಟ್ಟು ಕೂರುತ್ತಿರಲಿಲ್ಲ, ಎರಡು ಸಣ್ಣ ಮೊಳೆ ಹೊಡೆದುಕೊಟ್ಟೆ. ಚೀಟಿ ಒಳಗೇ ಇರಲಿ ಅಂದರು.