ಹೊಸ ಕಂಪ್ಯೂಟರಿಗೆ ಯಾವ ವಿಂಡೋಸ್? ಮೊದಲು ಕಾಟಾದ ಕೇಬಲ್ ನೋಡಿ

ಕಪನೂರಿನ ದಾಲ್ ಮಿಲ್ಲಾಗಲಿ, ಕಲಬುರಗಿ ನೆಹರೂ ಗಂಜಿನ ಅಡತ್ ಅಂಗಡಿಯಾಗಲಿ, ಹೊಸ ಕಂಪ್ಯೂಟರ್ ಹಾಕಿಸುವವರ ಮಾತು ಬಹುತೇಕ ಒಂದೇ: "ಮಷೀನ್ ಹೊಸಾದು ಕೊಡ್ರಿ, ವಿಂಡೋಸ್ ಮಾತ್ರ ಹಳೇದೇ ಹಾಕ್ರಿ. ನಮ್ಮ ಮುನೀಮಗ ಅದೇ ರೂಢಿ ಅದ." ರೂಢಿ ಅನ್ನುವುದು ನೆಪ. ಒಳಗಿರುವುದು ಹೆದರಿಕೆ. ತೂಕದ ಕಾಟಾದ ಸಾಫ್ಟ್‌ವೇರ್ ನಿಂತರೆ ಗೇಟಿನ ಹೊರಗೆ ಲಾರಿ ಸಾಲು ಬೆಳೆಯುತ್ತದೆ. ಹೆದರಿಕೆ ನಿಜ, ಆದರೆ ಅದಕ್ಕೆ ಹಳೆ ವಿಂಡೋಸ್ ಮದ್ದಲ್ಲ.

ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೆ. ಈಗಾಗಲೇ 10 ಓಡುತ್ತಿರುವ ಮನೆಬಳಕೆಯ ಮಷೀನುಗಳಿಗೆ ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್ಡೇಟ್ ಸಿಗುತ್ತದೆ. ಅದು ಹಳೆ ಮಷೀನು ದೂಡಲು ಕೊಟ್ಟ ಗಡುವು. ಅದನ್ನು ನಂಬಿ ಹೊಸದಕ್ಕೆ 10 ಹಾಕಬಾರದು.

ಹೊಸ ಮದರ್‌ಬೋರ್ಡಿಗೆ ವಿಂಡೋಸ್ 7 ಹಾಕಲು ಹೊರಟರೆ ಏನಾಗುತ್ತದೆ? ಮೊದಲ ಪರದೆಯಲ್ಲೇ ಮೌಸ್, ಕೀಬೋರ್ಡ್ ಸತ್ತಂತೆ ಕೂರುತ್ತವೆ, ಏಕೆಂದರೆ 7ರ ಸೆಟಪ್‌ನಲ್ಲಿ ಯುಎಸ್‌ಬಿ 3 ಡ್ರೈವರೇ (ಆ ಸಾಮಾನು ನಡೆಸುವ ತಂತ್ರಾಂಶ) ಇಲ್ಲ. ಅದನ್ನು ತುರುಕಿದರೆ ಹೊಸ ಬಗೆಯ ವೇಗದ ಎನ್‌ವಿಎಂಇ ಡಿಸ್ಕ್ ಕಾಣುವುದಿಲ್ಲ. ಅದೂ ದಾಟಿದರೆ ಹೊಸ ಇಂಟೆಲ್ ಗ್ರಾಫಿಕ್ಸಿಗೆ ಡ್ರೈವರ್ ಇಲ್ಲ, ಅಕ್ಷರ ಉಬ್ಬಿ ಪರದೆ ಅರ್ಧಂಬರ್ಧ ಕಾಣುತ್ತದೆ. ಇಷ್ಟು ಪಾಡುಪಟ್ಟು ನಿಲ್ಲಿಸಿದರೂ ಕ್ರೋಮ್ 109ರ ಮುಂದೆ ಹೋಗುವುದಿಲ್ಲ.

ಹೊಸ ಮಷೀನಿಗೆ ವಿಂಡೋಸ್ 11 ಎಂದು ಮೊದಲೇ ತೀರ್ಮಾನಿಸಿ. ತಲೆ ಓಡಿಸಬೇಕಾದದ್ದು ಅದಕ್ಕೆ ಜೋಡಿಸುವ ಹಳೆಯ ಸಾಮಾನಿನ ಬಗ್ಗೆ.

ಕಾಟಾದಿಂದ ಶುರು ಮಾಡೋಣ. ತೂಕ ತೋರಿಸುವ ಇಂಡಿಕೇಟರಿನಿಂದ ಕಂಪ್ಯೂಟರಿಗೆ ಬರುವುದು 9 ಪಿನ್ನಿನ ಆರ್‌ಎಸ್-232 ಕೇಬಲ್. ಹೊಸ ಮಷೀನುಗಳ ಹಿಂದೆ ಆ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ. ಡೆಸ್ಕ್‌ಟಾಪ್ ಕೊಳ್ಳುವುದಾದರೆ ಮದರ್‌ಬೋರ್ಡಿನ ಮೇಲೆ ಕಾಮ್ ಹೆಡರ್ (ಆ ಕಿಂಡಿಯ ತಂತಿ ಜೋಡಿಸುವ ಪಿನ್ನುಗಳು) ಇರುವ ಮಾದರಿ ಕೇಳಿ. ಅದಕ್ಕೊಂದು ಬ್ರ್ಯಾಕೆಟ್ ಕೇಬಲ್ ಜೋಡಿಸಿದರೆ ಬೋರ್ಡಿನದೇ ಕಾಮ್ ಪೋರ್ಟ್ ಸಿಗುತ್ತದೆ, ಅರ್ಧ ತಲೆನೋವು ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಆ ಕೇಬಲನ್ನು ಯುಎಸ್‌ಬಿ ಕಿಂಡಿಗೆ ಜೋಡಿಸುವ ಕನ್ವರ್ಟರ್. ಹಳೆ ಮಷೀನಿನಿಂದ ಬಿಚ್ಚಿದ ಕನ್ವರ್ಟರನ್ನೇ 11ಕ್ಕೆ ಚುಚ್ಚಿದರೆ ಡಿವೈಸ್ ಮ್ಯಾನೇಜರಿನಲ್ಲಿ (ಜೋಡಿಸಿದ ಸಾಮಾನುಗಳ ಪಟ್ಟಿ) ಹಳದಿ ಗುರುತು ಬಂದು, ಈ ಪಿಎಲ್2303 ಚಿಪ್ಪು 2012ರಲ್ಲೇ ನಿಂತುಹೋಗಿದೆ, ಮಾರಿದವರನ್ನು ಕೇಳಿ ಎಂಬರ್ಥದ ಸಾಲು ಕಾಣಬಹುದು. ವಿಂಡೋಸ್ ಕೆಟ್ಟಿದೆ ಎಂದು ಅನೇಕರು ಮಷೀನನ್ನೇ ವಾಪಸ್ ತರುವುದು ಇಲ್ಲಿ. ಕೆಟ್ಟದ್ದು ಏನೂ ಇಲ್ಲ. ಪ್ರೊಲಿಫಿಕ್ ಕಂಪನಿ ತನ್ನ ಹಳೆ ಚಿಪ್ಪುಗಳನ್ನು ಹೊಸ ಡ್ರೈವರಿನಲ್ಲಿ ಕೈಬಿಟ್ಟಿದೆ, ಅಷ್ಟೆ. ಎಫ್‌ಟಿಡಿಐ ಕಂಪನಿಯ ಚಿಪ್ಪಿನ ಕನ್ವರ್ಟರ್ ತನ್ನಿ.

ಕನ್ವರ್ಟರ್ ಕೂತ ಮೇಲೆ ಪೋರ್ಟ್ ನಂಬರ್ ನೋಡಿ. ವಿಂಡೋಸ್ ಅದಕ್ಕೆ ಕಾಮ್ 5 ಅಥವಾ 7 ಕೊಟ್ಟಿರುತ್ತದೆ, ಹಳೆ ಕಾಟಾ ಸಾಫ್ಟ್‌ವೇರಿನ ಪಟ್ಟಿ ಹಲವು ಸಲ ಕಾಮ್ 4ಕ್ಕೇ ಮುಗಿದಿರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಪೋರ್ಟಿನ ಪ್ರಾಪರ್ಟೀಸ್, ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್‌ಗೆ ಹೋಗಿ ಕಾಮ್ 1ರಿಂದ 4ರೊಳಗೆ ಖಾಲಿ ಇರುವುದನ್ನು ಕೊಡಿ. ಅಗ್ಗದ ಕನ್ವರ್ಟರುಗಳಿಗೆ ಸ್ವಂತ ಸೀರಿಯಲ್ ನಂಬರ್ ಇರುವುದಿಲ್ಲ. ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದರೆ ಪೋರ್ಟ್ ನಂಬರೂ ಬದಲಾಗುತ್ತದೆ. ಕಸ ಹೊಡೆಯುವಾಗ ಬಿಚ್ಚಿ ಪಕ್ಕದ ಕಿಂಡಿಗೆ ಹಾಕಿದರೆ ಸಾಕು, ಮರುದಿನ ಬೆಳಿಗ್ಗೆ ತೂಕ ಬರುವುದಿಲ್ಲ. ಕಿಂಡಿಯ ಮೇಲೆ ಕೆಂಪು ಟೇಪ್ ಅಂಟಿಸಿ.

ತೂಕ ಬರದಿದ್ದರೆ ತಪ್ಪು ಕೇಬಲಿನದೋ ಸಾಫ್ಟ್‌ವೇರಿನದೋ ತಿಳಿಯಲು ಪುಟ್ಟಿ (PuTTY) ಎಂಬ ಪುಕ್ಕಟೆ ತಂತ್ರಾಂಶ ಸಾಕು. ಸೀರಿಯಲ್ ಆರಿಸಿ, ಕಾಮ್ ನಂಬರ್ ಕೊಟ್ಟು, ವೇಗ 2400, 4800, 9600 ಒಂದೊಂದೇ ಹಾಕಿ ನೋಡಿ. ತನ್ನಷ್ಟಕ್ಕೇ ತೂಕ ಕಳಿಸುವ ಇಂಡಿಕೇಟರ್ ಆಗಿದ್ದರೆ ಅಂಕಿಗಳು ಸರಸರ ಓಡುತ್ತವೆ. ಹಾಗೆ ಓಡಿದರೆ ಕೇಬಲ್ ಸರಿ. ಅಡ್ಡಾದಿಡ್ಡಿ ಚಿಹ್ನೆ ಬಂದರೆ ವೇಗವೋ ಪ್ಯಾರಿಟಿಯೋ (ತಪ್ಪು ಹಿಡಿಯುವ ಬಿಟ್ಟಿನ ಸೆಟ್ಟಿಂಗ್) ತಪ್ಪು. ಏನೂ ಬರದಿದ್ದರೆ 2, 3, 5ನೇ ಪಿನ್ನಿನ ಬೆಸುಗೆ ನೋಡಿ. ಪುಟ್ಟಿ ಮುಚ್ಚಿದ ಮೇಲೆಯೇ ಕಾಟಾ ಸಾಫ್ಟ್‌ವೇರ್ ತೆರೆಯಬೇಕು. ಒಂದು ಪೋರ್ಟನ್ನು ಇಬ್ಬರು ಹಿಡಿಯಲಾಗದು, 8005 ಎಂಬ ಎರರ್ ಬರುತ್ತದೆ. 8002 ಬಂದರೆ ಸಾಫ್ಟ್‌ವೇರ್ ಕೇಳುತ್ತಿರುವ ಪೋರ್ಟ್ ನಂಬರೇ ಮಷೀನಿನಲ್ಲಿಲ್ಲ.

ಈ ಎರಡು ಅಂಕಿ ಕಂಡರೆ ಆ ಸಾಫ್ಟ್‌ವೇರ್ ವಿಷುಯಲ್ ಬೇಸಿಕ್ 6 ಎಂಬ ಹಳೆ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು ಎಂದು ಊಹಿಸಬಹುದು. ಅದು 11ರಲ್ಲೂ ಓಡುತ್ತದೆ. ಕೊರತೆ ಬೀಳುವುದು ಎಂಎಸ್‌ಕಾಮ್32 (mscomm32.ocx) ಎಂಬ, ಕಾಮ್ ಪೋರ್ಟಿನ ಜೊತೆ ಮಾತಾಡುವ ಓಸಿಎಕ್ಸ್ ಫೈಲು. ಅದನ್ನು ಹಳೆ ಮಷೀನಿನಿಂದ ತಂದು ವಿಂಡೋಸ್ ಒಳಗಿನ ಸಿಸ್‌ವೌ64 (SysWOW64) ಫೋಲ್ಡರಿಗೆ ಹಾಕಿ, ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಅದೇ ಫೋಲ್ಡರಿನ ರೆಗ್‌ಎಸ್‌ವಿಆರ್32 (regsvr32) ಆಜ್ಞೆಯಿಂದ ನೋಂದಾಯಿಸಿ. ಹೆಸರಲ್ಲಿ 64 ಇದ್ದರೂ 32 ಬಿಟ್ ಫೈಲುಗಳ ಮನೆ ಅದೇ. ಸಿಸ್ಟಂ32ರಲ್ಲಿ ಇರುವುದು 64 ಬಿಟ್! ಹೆಸರಿಟ್ಟವರಿಗೆ ನಮಸ್ಕಾರ. ಸಾಫ್ಟ್‌ವೇರನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕದೆ ಸಿ ಡ್ರೈವಿನಲ್ಲಿ ಬೇರೆ ಫೋಲ್ಡರ್ ಮಾಡಿ ಇಡಿ, ಇಲ್ಲದಿದ್ದರೆ ಡೇಟಾ ಒಂದು ಕಡೆ ಬರೆದು ಇನ್ನೊಂದು ಕಡೆ ಹುಡುಕುವ ಆಟ ಶುರುವಾಗುತ್ತದೆ.

ಕಪ್ಪು ಪರದೆಯ ಡಾಸ್ ಫಾಕ್ಸ್‌ಪ್ರೊ ಲೆಕ್ಕಪತ್ರ ಇದ್ದರೆ ಮಾತು ಬೇರೆ. 64 ಬಿಟ್ ವಿಂಡೋಸ್ ಯಾವುದರಲ್ಲೂ ಅಂಥ ಡಾಸ್ ಕಾಲದ 16 ಬಿಟ್ ಪ್ರೋಗ್ರಾಂ ನೇರ ಓಡುವುದಿಲ್ಲ. 11 ಬೇಡ, 64 ಬಿಟ್‌ನ 10 ಕೊಡಿ ಎಂದು ಹಟ ಹಿಡಿದರೂ ಲಾಭವಿಲ್ಲ. ದಾರಿ ಎರಡು: ಡಾಸನ್ನು ಅನುಕರಿಸುವ ಡಾಸ್‌ಬಾಕ್ಸ್-ಎಕ್ಸ್ ತಂತ್ರಾಂಶದ ಒಳಗೆ ಓಡಿಸುವುದು, ಅಥವಾ ಹಳೆ ಮಷೀನನ್ನು ಇಂಟರ್ನೆಟ್ ಕಿತ್ತು ಆ ಒಂದೇ ಕೆಲಸಕ್ಕೆ ಬಿಡುವುದು. ಹಳೆ ವರ್ಷಗಳ ಡಿಬಿಎಫ್ (ಫಾಕ್ಸ್‌ಪ್ರೊ ಡೇಟಾ) ಫೈಲುಗಳು ಲಿಬ್ರೆಆಫೀಸಿನ ಕ್ಯಾಲ್ಕ್‌ನಲ್ಲಿ ತೆರೆಯುತ್ತವೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದೇ ಲೆಕ್ಕ. ಇಂಟೆಲ್ ಐ5-8500 ಎಂದರೆ ಎಂಟನೇ ತಲೆಮಾರು, 11ಕ್ಕೆ ಸಲ್ಲುತ್ತದೆ. ಐ5-7500 ಸಲ್ಲುವುದಿಲ್ಲ. 10400 ಎಂದಿದ್ದರೆ ಮೊದಲ ಎರಡು ಅಂಕಿ ಓದಬೇಕು, ಅದು ಹತ್ತನೆಯದು. ಅಂಗಡಿಯವರು ಐ5 ಎಂದಷ್ಟೇ ಹೇಳಿದರೆ ಪೂರ್ತಿ ನಂಬರ್ ಕೇಳಿ. ಸೆಟಪ್ ಮಾಡುವ ಮಷೀನ್ ತಪಾಸಣೆ ತಪ್ಪಿಸಿ 11 ಹಾಕಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಹಾಕಬಹುದು, ಆದರೆ ಮುಂದಿನ ಅಪ್ಡೇಟಿಗೆ ಮೈಕ್ರೋಸಾಫ್ಟ್ ಖಾತರಿ ಕೊಡುವುದಿಲ್ಲ. ರ‍್ಯಾಮ್ 4 ಜಿಬಿ ಸಾಕೆಂದು ಕಾಗದದ ಮೇಲಿದೆ. 8ಕ್ಕಿಂತ ಕಡಿಮೆ ಬೇಡ.

ಮಿಲ್ಲಿನ ಆಫೀಸಿನಲ್ಲಿ ಝೆರಾಕ್ಸ್ ಮಷೀನಿನಿಂದ ನೇರ ಫೋಲ್ಡರಿಗೆ ಸ್ಕ್ಯಾನ್ ಕಳಿಸುವ ರೂಢಿ ಇದ್ದರೆ 11 ಪ್ರೊದ 24ಎಚ್2 (2024ರ ಬಿಡುಗಡೆ) ಆವೃತ್ತಿಯಿಂದ ಈಚೆಗೆ ಅದು ನಿಲ್ಲುವ ಸಾಧ್ಯತೆ ಹೆಚ್ಚು. ಫೋಲ್ಡರ್ ಹಂಚಿಕೆಯ ಪ್ರತಿ ಸಂದೇಶಕ್ಕೂ ಸಹಿ ಕೇಳುವ ಎಸ್‌ಎಂಬಿ ಸೈನಿಂಗ್ ಕಡ್ಡಾಯ, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ಬಂದ್. ಯೂಸರ್ ಹೆಸರು, ಪಾಸ್‌ವರ್ಡ್ ಕೊಟ್ಟು ನೋಡಿ. ಆಗಲೂ ಬಾರದಿದ್ದರೆ ಮೇಲ್ ಅಥವಾ ಪೆನ್ ಡ್ರೈವಿಗೆ ಸ್ಕ್ಯಾನ್ ಮಾಡಿ. ಒಂದು ಪ್ರಿಂಟರಿಗಾಗಿ ಇಡೀ ಆಫೀಸಿನ ಬೀಗ ತೆಗೆಯಬೇಡಿ.

ಇದಕ್ಕಿಂತ ಕಹಿಯಾದದ್ದು ಡಿಸ್ಕ್ ಎನ್‌ಕ್ರಿಪ್ಷನ್. 24ಎಚ್2ರಿಂದ ಹೊಸದಾಗಿ ಹಾಕಿದ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ, ಹೋಂ ಆವೃತ್ತಿಯಲ್ಲೂ ಡಿಸ್ಕ್ ತಾನೇ ಲಾಕ್ ಆಗುತ್ತದೆ. 48 ಅಂಕಿಯ ರಿಕವರಿ ಕೀ ಆ ಖಾತೆಯಲ್ಲಿರುತ್ತದೆ. ಮಷೀನ್ ಕೂರಿಸಲು ಬಂದ ಹುಡುಗ ತನ್ನ ಖಾತೆ ಹಾಕಿ ಹೋಗಿದ್ದರೆ, ಮದರ್‌ಬೋರ್ಡ್ ಬದಲಿಸಿದ ದಿನ ಆ ಕೀ ಇಲ್ಲದೆ ಲೆಕ್ಕ ತೆರೆಯುವುದಿಲ್ಲ. ಖಾತೆ ಮಾಲೀಕರದ್ದೇ ಇರಲಿ. ಕೀ ಪ್ರಿಂಟ್ ತೆಗೆದು ಮಷೀನಿನ ಬಿಲ್ಲಿನ ಜೊತೆ ಕಪಾಟಿನಲ್ಲಿಡಿ.

ಕನ್ನಡದ್ದು ಸಣ್ಣ ಕೆಲಸ. ತುಂಗಾ ಎಂಬ ಫಾಂಟಿನಲ್ಲಿ ಬರೆದ ಹಳೆ ಪತ್ರ ಬೇರೆ ರೂಪದಲ್ಲಿ ಕಂಡರೆ ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿ. ನುಡಿ ತಂತ್ರಾಂಶದ ಹಳೆ ಫಾಂಟುಗಳನ್ನು ಡಬಲ್ ಕ್ಲಿಕ್ ಮಾಡಿ ಹಾಕಿದರೆ ಆ ಒಬ್ಬ ಯೂಸರಿಗೆ ಮಾತ್ರ ಸೇರುತ್ತವೆ, ಕೆಲವು ಹಳೆ ತಂತ್ರಾಂಶಗಳಿಗೆ ಕಾಣುವುದೇ ಇಲ್ಲ. ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್ ಆರಿಸಿ.

ಬದಲಾವಣೆಯನ್ನು ತೊಗರಿ ಬರುವ ಡಿಸೆಂಬರ್-ಜನವರಿಯಲ್ಲಿ ಮಾಡಬೇಡಿ. ದೀಪಾವಳಿಗೆ ಮುಂಚೆ ಹೊಸ ಮಷೀನ್ ಕೂರಿಸಿ, ಹಳೆಯದನ್ನು ಪಕ್ಕದಲ್ಲೇ ಇಟ್ಟು, ಹದಿನೈದು ದಿನ ಎರಡರಲ್ಲೂ ಚೀಟಿ ತೆಗೆದು ತಾಳೆ ನೋಡಿ. ಸೀಸನ್ ಶುರುವಾಗುವ ವಾರ ಬಾಕಿ ಅಪ್ಡೇಟುಗಳನ್ನೆಲ್ಲ ಹಾಕಿ ಮುಗಿಸಿ, ಆಮೇಲೆ ವಿಂಡೋಸ್ ಅಪ್ಡೇಟಿನಲ್ಲಿ ಪಾಸ್ (Pause) ಒತ್ತಿ. ಗರಿಷ್ಠ ಐದು ವಾರ ತಡೆಯಬಹುದು. ಅಪ್ಡೇಟ್ ನಡೆಯುವಾಗ ಕರೆಂಟ್ ಹೋದರೆ ಯುಪಿಎಸ್ ಬ್ಯಾಟರಿ ಅಷ್ಟು ಹೊತ್ತು ತಡೆಯುತ್ತದೆಯೇ ಎಂದು ಮೊದಲು ಪ್ಲಗ್ ಕಿತ್ತು, ಗಡಿಯಾರ ನೋಡಿ ಪರೀಕ್ಷಿಸಿ.